ಹೊರಾಂಗಣ ಸೌದೆ ಬಾಯ್ಲರ್

ಹೊರಾಂಗಣ ಸೌದೆ ಬಾಯ್ಲರ್ ಎಂಬುದು ಮನೆಯಿಂದ ಪ್ರತ್ಯೇಕವಾಗಿ ಬಯಲಿನಲ್ಲಿ ಸ್ಥಾಪಿಸಲ್ಪಟ್ಟು, ಕಟ್ಟಿಗೆಯನ್ನು ಉರಿಸಿ ನೀರನ್ನು ಕಾಯಿಸುವ ಮತ್ತು ಆ ಬಿಸಿನೀರಿನ ಮೂಲಕ ಮನೆಯನ್ನು ಬೆಚ್ಚಗಿಡುವ ಉಪಕರಣ. ಹೊರನೋಟಕ್ಕೆ ಇದು ಚಿಮಣಿಯುಳ್ಳ ಸಣ್ಣ ತಗಡಿನ ಕೊಟ್ಟಿಗೆಯಂತೆ ಕಾಣುತ್ತದೆ. ಚಳಿಗಾಲ ದೀರ್ಘವಾಗಿದ್ದು ಕಟ್ಟಿಗೆ ಸುಲಭವಾಗಿ ದೊರೆಯುವ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ರಾಜ್ಯಗಳು, ಮಹಾ ಸರೋವರಗಳ ಸುತ್ತಲಿನ ಪ್ರದೇಶ ಹಾಗೂ ಕೆನಡಾದ ಗ್ರಾಮೀಣ ಭಾಗಗಳಲ್ಲಿ ಇದರ ಬಳಕೆ ಕಂಡುಬರುತ್ತದೆ. ಬೆಂಕಿ, ಬೂದಿ, ತೊಗಟೆಯ ಕಸ ಯಾವುದೂ ಮನೆಯೊಳಗೆ ಬರುವುದಿಲ್ಲವೆಂಬುದು ಇದರ ಮುಖ್ಯ ಆಕರ್ಷಣೆ. ಆದರೆ ಸರಿಯಾಗಿ ನಿರ್ವಹಿಸದಿದ್ದಲ್ಲಿ ಇದರ ಹೊಗೆ ನೆರೆಮನೆಯನ್ನು ಸೇರುತ್ತದೆ.

ರಚನೆ

ಉಕ್ಕಿನ ದಹನ ಕೋಣೆಯ ಸುತ್ತಲೂ ನೀರು ತುಂಬಿದ ಕವಚವಿರುತ್ತದೆ. ಕಾದ ನೀರನ್ನು ಪಂಪ್ ಒಂದು ನೆಲದೊಳಗೆ ಹೂಳಿದ, ಉಷ್ಣನಿರೋಧಕ ಹೊದಿಕೆಯುಳ್ಳ ಕೊಳವೆಗಳ ಮೂಲಕ ಮನೆಗೆ ತಳ್ಳುತ್ತದೆ. ಅಲ್ಲಿ ಉಷ್ಣ ವಿನಿಮಯಕದಲ್ಲಿ ಶಾಖವನ್ನು ಬಿಟ್ಟುಕೊಟ್ಟು ನೀರು ಹಿಂದಿರುಗುತ್ತದೆ. ಬಹುತೇಕ ಮಾದರಿಗಳಲ್ಲಿ ನೀರಿನ ಕವಚವು ವಾತಾವರಣಕ್ಕೆ ತೆರೆದಿರುವುದರಿಂದ ಒತ್ತಡ ಹೆಚ್ಚಿ ಸ್ಫೋಟಿಸುವ ಭಯ ಕಡಿಮೆ. ಅದೇ ಕಾರಣಕ್ಕೆ ನೀರು ಆವಿಯಾಗುತ್ತಲೂ ಇರುತ್ತದೆ. ಮಟ್ಟವನ್ನು ಆಗಾಗ್ಗೆ ನೋಡಿ ತುಂಬಬೇಕಾಗುತ್ತದೆ.

ಹೊಗೆಯ ಮೂಲ

ನೀರು ನಿಗದಿತ ಉಷ್ಣತೆಯನ್ನು ತಲುಪಿದೊಡನೆ ನಿಯಂತ್ರಕವು ಗಾಳಿಯ ದ್ವಾರವನ್ನು ಮುಚ್ಚುತ್ತದೆ. ನೀರು ಕೆಲವು ಡಿಗ್ರಿ ತಣಿದಾಗ ಮತ್ತೆ ತೆರೆಯುತ್ತದೆ. ಸಾಂಪ್ರದಾಯಿಕ ಮಾದರಿಗಳ ದೋಷಗಳಲ್ಲಿ ಹೆಚ್ಚಿನವು ಈ ಮುಚ್ಚಿದ ಅವಧಿಯಲ್ಲಿಯೇ ಹುಟ್ಟುತ್ತವೆ. ಗಾಳಿ ನಿಂತರೂ ಕಟ್ಟಿಗೆಯ ರಾಶಿ ಆರುವುದಿಲ್ಲ. ಆಮ್ಲಜನಕವಿಲ್ಲದೆ ಹೊಗೆಯಾಡುತ್ತಾ ಉರಿಯದ ಅನಿಲಗಳನ್ನೂ ಡಾಂಬರಿನಂತಹ ಆವಿಯನ್ನೂ ಹೊರಬಿಡುತ್ತದೆ. ಕೋಣೆಯ ಗೋಡೆಗಳ ಹಿಂದೆ ನೀರಿರುವುದರಿಂದ ಅವು ಎಂದಿಗೂ ಹೆಚ್ಚು ಕಾಯುವುದಿಲ್ಲ. ಆವಿಯು ಅಲ್ಲಿಯೇ ತಣಿದು ಕ್ರಿಯೋಸೋಟ್ ಎಂಬ ಕಪ್ಪು ಅಂಟಾಗಿ ಕೂರುತ್ತದೆ. ಉಳಿದದ್ದು ತಣ್ಣಗಿನ ದಟ್ಟ ಹೊಗೆಯಾಗಿ ಗಿಡ್ಡ ಚಿಮಣಿಯಿಂದ ಹೊರಬಂದು, ಮೇಲೇರದೆ ನೆಲದ ಮಟ್ಟದಲ್ಲಿ ಹರಡುತ್ತದೆ. ಗಾಳಿಯಿಲ್ಲದ ಚಳಿಗಾಲದ ರಾತ್ರಿಗಳಲ್ಲಿ, ವಿಶೇಷವಾಗಿ ಕಣಿವೆಗಳಲ್ಲಿ, ಅದು ಗಂಟೆಗಟ್ಟಲೆ ಕದಲುವುದಿಲ್ಲ. ಈ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಸೂಕ್ಷ್ಮ ಕಣಗಳು, ಕಾರ್ಬನ್ ಮಾನಾಕ್ಸೈಡ್ ಹಾಗೂ ಬೆಂಜೀನ್ ಇರುತ್ತವೆ. ಆಸ್ತಮಾ ಮತ್ತು ಹೃದ್ರೋಗವುಳ್ಳವರಿಗೆ ಇದು ಕೇವಲ ಕಿರಿಕಿರಿಯಲ್ಲ, ಅಪಾಯ.

ಆದ್ದರಿಂದ ಮನೆಯ ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ಕೊಳ್ಳುವುದು ಲಾಭವೆಂದು ತೋರಿದರೂ ನಷ್ಟವೇ ಸರಿ. ಅದು ದಿನದ ಬಹುಪಾಲು ಹೊಗೆಯಾಡುತ್ತಲೇ ಕಳೆಯುತ್ತದೆ. ಬೇಸಿಗೆಯಲ್ಲಿ ಸ್ನಾನದ ನೀರಿಗಾಗಿ ಮಾತ್ರ ಉರಿಸುವುದೂ ಹಾಗೆಯೇ.

ಉರಿಸುವ ವಿಧಾನ

ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿಯಾಗಿಸಲು ವ್ಯಯವಾಗುವ ಶಾಖ ಮನೆಗೆ ತಲುಪುವುದಿಲ್ಲ. ಕಟ್ಟಿಗೆಯನ್ನು ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ, ಮೇಲ್ಭಾಗವನ್ನು ಮಾತ್ರ ಮುಚ್ಚಿ, ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಒಣಗಿಸಬೇಕು. ಓಕ್‌ನಂತಹ ಗಟ್ಟಿಮರಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ತೇವಾಂಶ ಶೇ. 20ರ ಆಸುಪಾಸಿಗೆ ಇಳಿದಾಗ ಅದು ಬಳಕೆಗೆ ಯೋಗ್ಯ. ಪ್ಲಾಸ್ಟಿಕ್, ಟೈರು, ಬಣ್ಣ ಬಳಿದ ಅಥವಾ ರಾಸಾಯನಿಕ ಲೇಪಿಸಿದ ಹಲಗೆಗಳನ್ನು ಉರಿಸಬಾರದು. ಹಳೆಯ ಸಂಸ್ಕರಿತ ಹಲಗೆಗಳಲ್ಲಿ ಆರ್ಸೆನಿಕ್ ಇರುವ ಸಾಧ್ಯತೆಯಿದೆ.

ಕೋಣೆ ಹಿಡಿಯುವಷ್ಟೂ ತುಂಬುವ ಬದಲು ಮುಂದಿನ 8ರಿಂದ 12 ಗಂಟೆಗಳಿಗೆ ಬೇಕಾದಷ್ಟನ್ನೇ ಹಾಕುವುದು ಉತ್ತಮ. ಬಾಗಿಲು ತೆರೆಯುವಾಗ ಎಚ್ಚರ ಅಗತ್ಯ. ಒಳಗೆ ಕೂಡಿಕೊಂಡ ಅನಿಲಕ್ಕೆ ಏಕಾಏಕಿ ಗಾಳಿ ತಗಲಿದರೆ ಜ್ವಾಲೆ ಹೊರಚಿಮ್ಮುತ್ತದೆ. ಬಾಗಿಲನ್ನು ಮೊದಲು ಸ್ವಲ್ಪವೇ ಸರಿಸಿ, ಪಕ್ಕಕ್ಕೆ ನಿಂತು, ಕ್ಷಣಕಾಲ ಕಾದು, ನಂತರ ಪೂರ್ತಿ ತೆರೆಯುವುದು ರೂಢಿ.

ನಿರ್ವಹಣೆ

ಈ ಬಾಯ್ಲರ್‌ಗಳು ಹಾಳಾಗುವುದಕ್ಕೆ ಬೆಂಕಿಗಿಂತ ತುಕ್ಕೇ ಹೆಚ್ಚಾಗಿ ಕಾರಣ. ಒಳಗಿನಿಂದ ನೀರು ಉಕ್ಕನ್ನು ತಿನ್ನುತ್ತದೆ; ಇದಕ್ಕಾಗಿ ತುಕ್ಕುನಿರೋಧಕ ರಾಸಾಯನಿಕವನ್ನು ಬೆರೆಸಿ, ನೀರಿನ ಮಾದರಿಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಹಿಂದಿರುಗುವ ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹೊಗೆಯಲ್ಲಿನ ತೇವವು ಗೋಡೆಯ ಮೇಲೆ ಆಮ್ಲೀಯ ದ್ರವವಾಗಿ ಇಳಿಯುತ್ತದೆ. ಚಳಿಗಾಲ ಮುಗಿದ ಮೇಲೆ ಬೂದಿಯನ್ನು ಹಾಗೆಯೇ ಬಿಡುವುದು ಸಾಮಾನ್ಯವಾಗಿ ಕಾಣುವ ಅಲಕ್ಷ್ಯ. ಬೂದಿ ಮಳೆಗಾಲದ ತೇವವನ್ನು ಹೀರಿ ಕ್ಷಾರವಾಗಿ ತಳವನ್ನು ಕೊರೆಯುತ್ತದೆ. ಆದ್ದರಿಂದ ಗೋಡೆಗಳನ್ನು ಹೆರೆದು, ಬೂದಿಯನ್ನು ಪೂರ್ಣವಾಗಿ ತೆಗೆದು, ಚಿಮಣಿಯ ಬಾಯನ್ನು ಮುಚ್ಚಬೇಕು; ನೀರನ್ನು ಮಾತ್ರ ಖಾಲಿ ಮಾಡಬಾರದು. ತೆಗೆದ ಬೂದಿಯಲ್ಲಿ ಕೆಂಡವು ದಿನಗಟ್ಟಲೆ ಜೀವಂತವಾಗಿರಬಲ್ಲದು. ಅದನ್ನು ಮುಚ್ಚಳವುಳ್ಳ ಲೋಹದ ಡಬ್ಬದಲ್ಲಿ, ಕಟ್ಟಡದಿಂದ ದೂರ ಇರಿಸಬೇಕು.

ವಿದ್ಯುತ್ ಕಡಿತವಾದರೆ ಪಂಪ್ ನಿಲ್ಲುತ್ತದೆ. ಆಗ ಬಾಯ್ಲರ್‌ನಲ್ಲಿ ನೀರು ಕುದಿಯಬಹುದು, ಕೊಳವೆಗಳಲ್ಲಿ ಹೆಪ್ಪುಗಟ್ಟಬಹುದು. ದೀರ್ಘ ಕಡಿತಗಳಿರುವ ಕಡೆ ಜನರೇಟರ್ ಇಲ್ಲವೇ ಪ್ರೊಪಿಲೀನ್ ಗ್ಲೈಕಾಲ್ ಮಿಶ್ರಣದ ವ್ಯವಸ್ಥೆ ಮಾಡಲಾಗುತ್ತದೆ.

ನಿಯಂತ್ರಣ

ವರ್ಮಾಂಟ್ ರಾಜ್ಯವು 1997ರಲ್ಲಿಯೇ ಹೊಸ ಬಾಯ್ಲರ್‌ಗಳು ನೆರೆಮನೆಯಿಂದ ಕನಿಷ್ಠ 200 ಅಡಿ ದೂರವಿರಬೇಕೆಂದು ವಿಧಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2007ರಲ್ಲಿ ತಯಾರಕರಿಗಾಗಿ ಐಚ್ಛಿಕ ಕಾರ್ಯಕ್ರಮವನ್ನು ಆರಂಭಿಸಿ, 2015ರಲ್ಲಿ ಕಡ್ಡಾಯ ಮಿತಿಗಳನ್ನು ಪ್ರಕಟಿಸಿತು. ಇನ್ನೂ ಕಟ್ಟುನಿಟ್ಟಾದ ಎರಡನೆಯ ಹಂತ 2020ರಲ್ಲಿ ಜಾರಿಗೆ ಬಂದಿತು. ಇದರ ಫಲವಾಗಿ ಹೊಗೆಯ ಅನಿಲಗಳನ್ನು ಎರಡನೆಯ ಕೋಣೆಯಲ್ಲಿ ಅತಿ ಹೆಚ್ಚಿನ ಉಷ್ಣತೆಯಲ್ಲಿ ಮತ್ತೆ ಉರಿಸುವ ಅನಿಲೀಕರಣ ಮಾದರಿಗಳು ಮಾರುಕಟ್ಟೆಯಲ್ಲಿ ಹೆಚ್ಚಿದವು. ಇವು ಹಸಿ ಕಟ್ಟಿಗೆಯನ್ನು ಸಹಿಸುವುದಿಲ್ಲ. ಒಕ್ಕೂಟ ಸರ್ಕಾರದ ಈ ಮಿತಿಗಳು ಹೊಸದಾಗಿ ತಯಾರಾಗುವ ಉಪಕರಣಗಳಿಗೆ ಮಾತ್ರ ಅನ್ವಯಿಸುತ್ತವೆ. ಈಗಾಗಲೇ ಅಂಗಳಗಳಲ್ಲಿರುವ ಹಳೆಯ ಬಾಯ್ಲರ್‌ಗಳ ಹೊಗೆಯ ಪ್ರಶ್ನೆಯನ್ನು ಆಯಾ ರಾಜ್ಯ ಮತ್ತು ಸ್ಥಳೀಯ ಆಡಳಿತಗಳಿಗೆ ಬಿಡಲಾಗಿದೆ.