ಪಿತ್ತಕೋಶ ಹೋದ ಮೇಲೂ ತುಪ್ಪ ಉಣ್ಣಬಹುದು

ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತು ನಡೆಯುವ ಆನೆಗೆ ಪಿತ್ತಕೋಶವೇ ಇಲ್ಲ. ಕುದುರೆಗೂ ಇಲ್ಲ, ಪಾರಿವಾಳಕ್ಕೂ ಇಲ್ಲ. ಹಸುವಿಗೆ ಇದೆ, ಅದರೊಳಗೆ ಕಟ್ಟಿದ ಕಲ್ಲೇ ನಮ್ಮ ಅಜ್ಜಿಯರು ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದ ಗೋರೋಚನ. ಪಿತ್ತಕೋಶ ತೆಗೆಯುವ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು "ಇನ್ನು ಜೀವನಪೂರ್ತಿ ಗಂಜಿಯೇ ಗತಿ" ಎಂದು ಮುಖ ಸಣ್ಣದು ಮಾಡಿಕೊಂಡಾಗಲೆಲ್ಲ ನನಗೆ ಆ ಆನೆ ನೆನಪಾಗುತ್ತದೆ.

ಪಿತ್ತರಸ ತಯಾರಾಗುವುದೇ ಪಿತ್ತಕೋಶದಲ್ಲಿ ಎಂದು ಹಲವರು ತಿಳಿದಿದ್ದಾರೆ. ಹೆದರಿಕೆಯ ಬೇರು ಅಲ್ಲೇ ಇರುವುದು. ಅದನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ದಿನಕ್ಕೆ ಅರ್ಧದಿಂದ ಒಂದು ಲೀಟರ್. ಲಿವರಿನ ಅಡಿಗೆ ಅಂಟಿಕೊಂಡಿರುವ ಪಿತ್ತಕೋಶ 30ರಿಂದ 50 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ. ಊಟವಿಲ್ಲದ ಹೊತ್ತಿನಲ್ಲಿ ಬಂದ ರಸವನ್ನು ಕೂಡಿಟ್ಟು, ನೀರು ಹೀರಿ ಗಟ್ಟಿಮಾಡುತ್ತದೆ. ಜಿಡ್ಡಿನ ತುತ್ತು ಸಣ್ಣ ಕರುಳಿಗೆ ಇಳಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಕರುಳಿನಿಂದ ಹೊರಟು ಸುದ್ದಿ ಮುಟ್ಟಿಸುತ್ತದೆ, ಚೀಲ ಹಿಂಡಿಕೊಳ್ಳುತ್ತದೆ. ಎಣ್ಣೆಸ್ನಾನದ ದಿನ ಸೀಗೆಪುಡಿ ತಲೆಯ ಜಿಡ್ಡು ಬಿಡಿಸುವಂತೆ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ.

ಚೀಲ ತೆಗೆದರೆ ರಸ ನಿಲ್ಲುವುದಿಲ್ಲ. ಲಿವರಿನಿಂದ ನೇರವಾಗಿ ಕರುಳಿಗೆ ದಿನವಿಡೀ ತೊಟ್ಟಿಕ್ಕುತ್ತಿರುತ್ತದೆ. ಹಿತಮಿತವಾದ ಊಟಕ್ಕೆ ಅದು ಸಾಕು. ಒಂದೇ ಸಲಕ್ಕೆ ನಾಲ್ಕು ಪೂರಿ, ಬೋಂಡ, ತುಪ್ಪದಲ್ಲಿ ನೆನೆದ ಒಬ್ಬಟ್ಟು ಬಂದು ಬಿದ್ದರೆ ಮಾತ್ರ, ಕೂಡಿಟ್ಟ ಗಟ್ಟಿ ರಸ ಒಟ್ಟಿಗೇ ಸಿಗುವುದಿಲ್ಲ. ಹೊಟ್ಟೆಯುಬ್ಬರ, ಭೇದಿ ಶುರುವಾಗುತ್ತವೆ. ಭೇದಿಗೆ ಇನ್ನೊಂದು ಕಾರಣವೂ ಇದೆ. ಪಿತ್ತದ ಲವಣಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಸಣ್ಣ ಕರುಳಿನ ತುದಿಯಲ್ಲಿ ಮರಳಿ ಹೀರಲ್ಪಟ್ಟು ಲಿವರಿಗೆ ವಾಪಸಾಗುತ್ತದೆ. ಆಪರೇಷನ್ನಿನ ನಂತರ ಕೆಲವರಲ್ಲಿ ಹೆಚ್ಚು ಲವಣ ದೊಡ್ಡ ಕರುಳಿಗೆ ನುಸುಳಿ, ಅಲ್ಲಿ ನೀರು ಸುರಿಸುತ್ತದೆ. ಬಹಳ ಮಂದಿಗೆ ಇದು ಕೆಲವು ವಾರಗಳಲ್ಲಿ ತಹಬಂದಿಗೆ ಬರುತ್ತದೆ. ಬಾರದಿದ್ದರೆ ಸಂಕೋಚಪಟ್ಟುಕೊಂಡು ಕೂರಬೇಡಿ: ಪಿತ್ತದ ಆಮ್ಲವನ್ನು ಕಟ್ಟಿಹಾಕುವ ಕೊಲೆಸ್ಟಿರಮಿನ್‌ನಂಥ ಔಷಧಿಗಳನ್ನು ವೈದ್ಯರು ಕೊಡಬಲ್ಲರು.

1882ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಇಡೀ ಪಿತ್ತಕೋಶವನ್ನೇ ತೆಗೆದರು. ಅದಕ್ಕೂ ಮುನ್ನ, ಪಿತ್ತಕೋಶದಲ್ಲಿ ಕಲ್ಲು ಕಟ್ಟಿದರೆ, ಚೀಲ ಸೀಳಿ ಕಲ್ಲನ್ನಷ್ಟೇ ತೆಗೆಯುತ್ತಿದ್ದರು. ಕಲ್ಲು ಮತ್ತೆ ಕಟ್ಟುತ್ತಿತ್ತು. ಕಲ್ಲು ಹುಟ್ಟಿಸುವ ಜಾಗವನ್ನೇ ತೆಗೆಯಬೇಕು ಎಂಬುದು ಅವರ ವಾದ. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಅದನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡಿದರು. ಅಂದಹಾಗೆ, ಈ ವಿಧಾನದಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆಣಕುವುದರಿಂದ ಎರಡು ಮೂರು ದಿನ ಹೆಗಲು ನೋಯಬಹುದು. ಹೊಟ್ಟೆಯ ಆಪರೇಷನ್ನಿಗೆ ಹೆಗಲೇಕೆ ನೋಯುತ್ತಿದೆ ಎಂದು ಗಾಬರಿಯಾಗುವವರಿಗೆ ಯಾರಾದರೂ ಇದನ್ನು ಮೊದಲೇ ಹೇಳಬೇಕು.

ಇನ್ನು ತಟ್ಟೆಯ ವಿಚಾರ. ಮೊದಲ ದಿನಗಳಿಗೆ ಗಂಜಿ, ಇಡ್ಲಿ, ಮೆತ್ತಗಿನ ಅನ್ನ, ತಿಳಿಸಾರು, ಬೆಣ್ಣೆ ತೆಗೆದ ಮಜ್ಜಿಗೆ, ಹೀರೇಕಾಯಿ, ಸೋರೆಕಾಯಿ ಒಗ್ಗುತ್ತವೆ. ಆಮೇಲೆ ಒಂದೊಂದೇ ಪದಾರ್ಥ ಸೇರಿಸುತ್ತ ಹೊಟ್ಟೆ ಏನನ್ನುತ್ತದೆ ಎಂದು ನೋಡಬೇಕು. ಕಾಫಿ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರನ್ನು ಬಚ್ಚಲಿಗೆ ಓಡಿಸುತ್ತದೆ. ರಾಗಿ, ಸೊಪ್ಪು, ಕಾಳುಗಳನ್ನು ನಿಧಾನವಾಗಿ ಹೆಚ್ಚಿಸಿ. ಮೊದಲ ವಾರವೇ ಬಸ್ಸಾರಿನ ಕಾಳು ತುಂಬಿಕೊಂಡರೆ ಹೊಟ್ಟೆಯುಬ್ಬರ ತಪ್ಪದು. ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನ ಮದುವೆಯೂಟಕ್ಕೆ ಕೂರುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಒಳ್ಳೆಯದು.

ಜಿಡ್ಡನ್ನು ಪೂರಾ ಬಿಡುವುದು ತಪ್ಪು. ಎ, ಡಿ, ಇ, ಕೆ ಜೀವಸತ್ವಗಳು ದೇಹಕ್ಕೆ ಸೇರಲು ಕೊಬ್ಬು ಬೇಕೇ ಬೇಕು. ಬಿಸಿ ಅನ್ನದ ಮೇಲಿನ ಒಂದು ಟೀ ಚಮಚ ತುಪ್ಪದಲ್ಲಿರುವುದು ಸುಮಾರು 5 ಗ್ರಾಂ ಕೊಬ್ಬು. ಚೇತರಿಸಿಕೊಂಡ ಬಹುತೇಕರಿಗೆ ಅದು ಹೊರೆಯಲ್ಲ. ನಾನು ಕಂಡ ಒಂದು ಮನೆಯಲ್ಲಿ, ಆಪರೇಷನ್ ಆದ ಹಿರಿಯರೊಬ್ಬರಿಗೆ ವರ್ಷಗಟ್ಟಲೆ ಒಗ್ಗರಣೆಯಿಲ್ಲದ ಸಾರು ಬಡಿಸುತ್ತಿದ್ದರು. ಪ್ರೀತಿಯಿಂದಲೇ. ಆ ಪಥ್ಯದ ಅಗತ್ಯವೇ ಇರಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಚೀಲ ಹೋದರೂ ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿ ಮಲ ಬಿಳಿಚಿಕೊಂಡರೆ, ಚಳಿಜ್ವರದ ಜತೆ ಬಲಪಕ್ಕೆಯ ಕೆಳಗೆ ನೋವು ಬಂದರೆ, ಕಾಮಾಲೆಗೆ ನಾಟಿ ಮದ್ದು ಹುಡುಕುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.