ಮೊದಲು ನೀರು, ಆಮೇಲೆ ಇಂಜಿನು

ತಿರುಪ್ಪೂರು ಜಿಲ್ಲೆಯ ಪಲ್ಲಡದಿಂದ ಉಡುಮಲಪೇಟೆಗೆ ಹೋಗುವ ದಾರಿಯಲ್ಲಿ, ತೆಂಗಿನಗರಿಯ ಚಪ್ಪರದ ಕೆಳಗೆ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತು, ಬೇರೆಯವರು ಗುಜರಿಗೆ ಹಾಕಲು ನಿಶ್ಚಯಿಸಿದ ಡೀಸೆಲ್ ಇಂಜಿನುಗಳಿಗೆ ಮರುಜೀವ ಕೊಡುತ್ತಿರುವ ವೃದ್ಧರೊಬ್ಬರುಂಟು. ದೇವಾಂಗ ನೇಕಾರರ ಮನೆತನ. ಮನೆಮಾತು ಕನ್ನಡ, ಓದಿದ್ದು ತಮಿಳು, ಬದುಕು ಕಟ್ಟಿದ್ದು ಮಗ್ಗದಿಂದಲ್ಲ, ಸ್ಪ್ಯಾನರಿನಿಂದ. ಸುತ್ತಲಿನ ಹಳ್ಳಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ವಿರಳ. ಎಲ್ಲರಿಗೂ ಅವರು ಮೇಸ್ತ್ರಿ.

ನಾನು ಹೋದ ದಿನ ರೈತರೊಬ್ಬರು ಟೆಂಪೋದಲ್ಲಿ ಇಂಜಿನು ಪಂಪುಗಳೆರಡನ್ನೂ ಹೇರಿಕೊಂಡು ಬಂದಿದ್ದರು. ಬಾವಿಯ ಹೂಳೆತ್ತುವ ಕಾಲದಲ್ಲಿ ನೀರು ಬಸಿಯಲು ಇಟ್ಟುಕೊಂಡ ಐದು ಅಶ್ವಶಕ್ತಿಯ ಹಳೆಯ ಜೋಡಿ ಅದು.

"ಮೇಸ್ತ್ರಿ, ಕರೀ ಹೊಗೆ ಕಾರ್ತದೆ, ಎಳೆಯೋಕೇ ಆಗೋದಿಲ್ಲ. ಪಿಸ್ಟನ್ ಬಿಚ್ಚಿ ನೋಡಿಬಿಡಿ."

"ಬಿಚ್ಚೋಣ ಅಣ್ಣ. ನೀರು ಹೇಗೆ ಬರ್ತಿತ್ತು, ಅದನ್ನ ಹೇಳಿ ಮೊದಲು."

ಹೊಗೆಯ ದೂರು ತಂದವನನ್ನು ನೀರಿನ ವಿಷಯ ಕೇಳುವುದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮೇಸ್ತ್ರಿಗಳ ವಿದ್ಯೆಯ ಮರ್ಮವಿರುವುದು ಈ ಒಂದು ಪ್ರಶ್ನೆಯಲ್ಲಿಯೇ. ಅವರು ಪಂಪಿನ ದಂಡವನ್ನು ಕೈಯಿಂದ ತಿರುಗಿಸಲು ನೋಡಿದರು, ಅದು ಮಿಸುಕಲಿಲ್ಲ. ದಂಡವು ಹೊರಬರುವೆಡೆಯಲ್ಲಿರುವ ಗ್ಲ್ಯಾಂಡಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಅದೇ ದಂಡ ಒಂದೇ ಕೈಗೆ ತಿರುಗಿತು. ನೀರು ತೊಟ್ಟಿಕ್ಕುವುದನ್ನು ಸಹಿಸಲಾರದೆ ರೈತರು ಗ್ಲ್ಯಾಂಡನ್ನು ಬಿಗಿದಿದ್ದರು. ಒಳಗಿನ ಪ್ಯಾಕಿಂಗ್ ಹಗ್ಗವು ದಂಡವನ್ನು ಹಿಡಿದು, ಆ ಭಾರವನ್ನೆಲ್ಲ ಇಂಜಿನು ಹೊತ್ತು, ಮಿತಿಮೀರಿ ಡೀಸೆಲು ಕುಡಿದು ಕಪ್ಪು ಹೊಗೆಯುಗುಳುತ್ತಿತ್ತು. ಗ್ಲ್ಯಾಂಡಿನಿಂದ ಹನಿ ಹನಿಯಾಗಿ ನೀರು ಬೀಳಬೇಕು. ದಂಡವನ್ನು ತಂಪಾಗಿಡುವುದು ಆ ಹನಿಯೇ. ಒಂದು ಹನಿಯೂ ಬೀಳದ ಪಂಪನ್ನು ಕೊಂಡವರು ಮೆಚ್ಚುತ್ತಾರೆ, ಮೇಸ್ತ್ರಿಗಳು ಶಂಕಿಸುತ್ತಾರೆ. ಪಿಸ್ಟನ್ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಅವರ ಪರೀಕ್ಷೆಗೆ ಒಂದು ಕ್ರಮವುಂಟು. ಅದು ನೀರಿನಿಂದ ಗಾಳಿಗೆ, ಗಾಳಿಯಿಂದ ಎಣ್ಣೆಗೆ, ಕಟ್ಟಕಡೆಗೆ ಲೋಹಕ್ಕೆ ಬರುತ್ತದೆ. ಪಂಪು ನೀರನ್ನು ಮೇಲಕ್ಕೆ ಹೀರುವುದು ವಾಯುಮಂಡಲದ ಒತ್ತಡದ ಬಲದಿಂದಾದಕಾರಣ, ಶಾಸ್ತ್ರಪ್ರಕಾರ ಸುಮಾರು 33 ಅಡಿಗಿಂತಲೂ, ವ್ಯವಹಾರದಲ್ಲಿ 20–25 ಅಡಿಗಿಂತಲೂ ಕೆಳಗಿನ ನೀರು ಅದಕ್ಕೆ ಎಟುಕದು. ಬೇಸಗೆಯಲ್ಲಿ ಬಾವಿಯ ಮಟ್ಟವಿಳಿದಾಗ ಪಂಪಿನ ಮೇಲೆ ಬರುವ ಅಪವಾದಗಳಲ್ಲಿ ಬಹುಪಾಲು ಈ ಕಾರಣದಿಂದಲೇ ಹುಟ್ಟುತ್ತವೆ. ಮಟ್ಟ ಸರಿಯಿದ್ದೂ ನೀರು ಹಿಡಿಯದಿದ್ದರೆ ತಳದ ಫುಟ್‌ವಾಲ್ವ್ ಸೋರುತ್ತಿರಬೇಕು, ಇಲ್ಲವೇ ಹೀರುಕೊಳವೆಯ ಕೀಲಿನಲ್ಲಿ ಗಾಳಿ ನುಸುಳುತ್ತಿರಬೇಕು. ಕಣ್ಣಿಗೆ ಕಾಣದ ಆ ಬಿರುಕನ್ನು ಮೇಸ್ತ್ರಿಗಳು ಊದಿನಕಡ್ಡಿಯಿಂದ ಹುಡುಕುತ್ತಾರೆ: ಪಂಪು ತಿರುಗುತ್ತಿರುವಾಗ ಕಡ್ಡಿಯನ್ನು ಕೀಲಿನ ಸುತ್ತ ಮೆಲ್ಲನೆ ಆಡಿಸಿದರೆ, ನೆಟ್ಟಗೆ ಏರುತ್ತಿದ್ದ ಹೊಗೆ ಒಂದೆಡೆ ಬಾಗಿ ಕೊಳವೆಯೊಳಕ್ಕೆ ಸರಿದುಹೋಗುತ್ತದೆ. ಇದರಿಂದ ಇಂಜಿನಿಗೂ ಒಂದು ಕಷ್ಟ ಅಂಟಿಕೊಂಡಿದೆ. ಅನೇಕ ಜೋಡಿಗಳಲ್ಲಿ ಇಂಜಿನನ್ನು ತಂಪಾಗಿಡುವ ನೀರು ಪಂಪಿನಿಂದಲೇ ಬರತಕ್ಕದ್ದಾದ್ದರಿಂದ, ಪಂಪು ಬರಿದಾದೊಡನೆ ಇಂಜಿನಿಗೆ ಜ್ವರವೇರುತ್ತದೆ.

ನೀರಿನಲ್ಲಿ ದೋಷವಿಲ್ಲವೆಂದಾದ ಮೇಲಷ್ಟೇ ಇಂಜಿನಿನ ಸರದಿ. ಅದು ನಿಂತದ್ದು ತಟ್ಟನೆಯೋ, ಏರಿಳಿಯುತ್ತ ಸೊರಗಿಯೋ ಎಂದು ವಿಚಾರಿಸುತ್ತಾರೆ. ಸೊರಗಿ ನಿಂತದ್ದಾದರೆ ಫಿಲ್ಟರು ಕಟ್ಟಿರುವ ಅಥವಾ ಡೀಸೆಲಿನ ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲು ಹೊರಬರುವವರೆಗೂ ಗಾಳಿಯನ್ನು ಹೊರಹಾಕುತ್ತಾರೆ. ಬಳಿಕ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡುತ್ತಾರೆ. ಡೀಸೆಲನ್ನು ಚಿಮ್ಮುವ ನಾಜಲು ಕಿರ್ರೆಂದರೆ ಸಂತೋಷ. ಮೂಕವಾಗಿದ್ದರೆ ಅದನ್ನು ಬಿಚ್ಚಿ ಹೊರಗೆ ಚಿಮ್ಮಿಸಿ ನೋಡುವುದುಂಟು: ಆರೋಗ್ಯವಾದ ನಾಜಲಿನಿಂದ ಡೀಸೆಲು ಮಾರ್ಗಶಿರದ ಮುಂಜಾವಿನ ಉಸಿರಿನಂತೆ ಮಂಜಾಗಿ ಹೊರಡುತ್ತದೆ, ಕೆಟ್ಟದ್ದರಿಂದ ತೊಟ್ಟಿಕ್ಕುತ್ತದೆ. ಆ ಮಂಜಿಗೆ ಕೈಯೊಡ್ಡಲು ಅವರು ಯಾರನ್ನೂ ಬಿಡರು, ಅದರ ವೇಗ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಬಿಳಿಯ ಹೊಗೆ ಉರಿಯದ ಡೀಸೆಲನ್ನೂ, ನೀಲಿಯ ಹೊಗೆ ಸವೆದ ರಿಂಗುಗಳನ್ನು ದಾಟಿ ಮೇಲೇರಿದ ಎಂಜಿನ್ ಆಯಿಲನ್ನೂ ಸೂಚಿಸುವುದಾಗಿ ಹೇಳಿ, "ನೀಲಿ ಬಂದರೆ ಮಾತ್ರ ಬಿಚ್ಚೋ ಯೋಚನೆ" ಎಂದು ನಕ್ಕರು.

ಈ ಯಂತ್ರಗಳು ಈ ಸೀಮೆಗೆ ಬಂದ ಕಥೆಯೂ ಅವರು ಹೇಳಿದಂತೆ ಚಿಕ್ಕದೇ. ಕಪಿಲೆ ಹೊಡೆದು ಎತ್ತುಗಳೂ ಮನುಷ್ಯರೂ ಬಳಲುತ್ತಿದ್ದ ಈ ಒಣನೆಲಕ್ಕೆ 1932ರಲ್ಲಿ ಆರಂಭವಾದ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಹರಿದುಬಂತು. 1920ರಲ್ಲಿ ಪೊಳ್ಳಾಚಿ ಪಳನಿಗಳ ನಡುವೆ ಬಸ್ಸು ಓಡಿಸಲು ತೊಡಗಿದ ಜಿ. ಡಿ. ನಾಯ್ಡು ಅವರು 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಡನೆ ಸೇರಿ, ದೇಶದ ಮೊದಲನೆಯದೆಂದು ಪ್ರಸಿದ್ಧವಾದ ವಿದ್ಯುತ್ ಮೋಟಾರನ್ನು ಕೊಯಮತ್ತೂರಿನಲ್ಲಿ ನಿರ್ಮಿಸಿದರು. ತಂತಿ ತಲುಪದ ಹೊಲಗಳನ್ನು ಡೀಸೆಲ್ ಇಂಜಿನುಗಳು ಆಳಿದವು. ಅವುಗಳಲ್ಲಿ ಬಹುಪರಿಚಿತವಾದುದನ್ನು ತಯಾರಿಸಿದ ಕಿರ್ಲೋಸ್ಕರ್ ಕಾರ್ಖಾನೆ 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತಾದರೂ, ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಇಂದು ಕೊಯಮತ್ತೂರಿನ ಪಂಪುಗಳು ಕರ್ನಾಟಕದ ಊರೂರಿನ ಅಂಗಡಿಗಳಲ್ಲಿಯೂ ದೊರೆಯುತ್ತವೆ.

ಯಂತ್ರನಿರ್ಮಾಣಕ್ಕೆ ದೊರೆತ ಗೌರವದಲ್ಲಿ ನೂರರಲ್ಲೊಂದು ಪಾಲೂ ಯಂತ್ರದ ದುರಸ್ತಿಗೆ ದೊರೆಯಲಿಲ್ಲ. ಬರಬರುತ್ತ ದುರಸ್ತಿಯ ಕೆಲಸವೂ ಕುಗ್ಗಿತು. 1990ರ ಸುಮಾರಿಗೆ ತಮಿಳುನಾಡಿನ ರೈತರಿಗೆ ಉಚಿತ ವಿದ್ಯುತ್ತು ಬಂದಿತು, ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದವು, ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಹೊಗೆಯನ್ನೂ ಸದ್ದನ್ನೂ ತೋರದೆ ಕೆಲಸ ಮಾಡಿತು. ಕೆಟ್ಟರೆ ಮೇಲೆತ್ತಿ ವೈಂಡಿಂಗಿಗೆ ಕಳುಹಿಸುವುದೇ ಅದಕ್ಕೆ ಚಿಕಿತ್ಸೆ. ಇದರಿಂದ ರೈತನ ಬೆನ್ನು ಹಗುರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೂ ರೋಗದ ಮೂಲವನ್ನು ಕ್ರಮವಾಗಿ ಶೋಧಿಸಿ, ಬಿಚ್ಚಬೇಕಾದುದನ್ನಷ್ಟೇ ಬಿಚ್ಚುವ ಈ ವಿವೇಕ ಯಾವ ಯಂತ್ರಕ್ಕಾದರೂ ಸಲ್ಲತಕ್ಕದ್ದು; ಐಟಿಐಗಳ ವಿದ್ಯಾರ್ಥಿಗಳನ್ನು ವಾರಕ್ಕೊಮ್ಮೆ ಇಂತಹ ಚಪ್ಪರಗಳಿಗೆ ಕಳುಹಿಸಿ, ಮೇಸ್ತ್ರಿಗಳಿಗೆ ತಕ್ಕ ಸಂಭಾವನೆ ಕೊಟ್ಟರೆ ನಷ್ಟವಾಗುವುದೇನಿದೆ?

ಈ ಮಾತನ್ನು ಅವರ ಮುಂದೆಯೂ ಆಡಿದೆ. ಅವರ ಮಗನೇ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಹೆಣಿಗೆಯಂತ್ರಗಳನ್ನು ನೋಡಿಕೊಳ್ಳುತ್ತಾನೆ, ಸಂಬಳ ಚೆನ್ನಾಗಿದೆ. ಹುಡುಗರಿಗೆ ಕಲಿಯುವ ಮನಸ್ಸಿಲ್ಲವೆಂದು ಅವರು ದೂರುವರೆಂದು ನಾನು ನಿರೀಕ್ಷಿಸಿದ್ದೆ. ಅವರು ಹಾಗೆನ್ನಲಿಲ್ಲ.

"ಕಲಿಯೋರು ಸಿಗ್ತಾರೆ ಸಾರ್. ಕಲಿಸಬೇಕಾದ್ರೆ ದಿನಕ್ಕೆ ನಾಲ್ಕು ಇಂಜಿನ್ನಾದರೂ ಕೆಟ್ಟು ಬರಬೇಕು, ಒಂದೊಂದಕ್ಕೆ ಒಂದೊಂದು ಕಾಯಿಲೆ ಇರಬೇಕು. ಈಗ ತಿಂಗಳಿಗೆ ನಾಲ್ಕು ಬಂದ್ರೆ ಹೆಚ್ಚು. ಅಷ್ಟರಲ್ಲಿ ಯಾರಿಗೆ ಏನು ತೋರಿಸಲಿ?"