ಹಲ್ಲಿನ ಬಿಳುಪಿಗೆ ಶೇ 10ರ ಜೆಲ್ ಸಾಕು

ಬೆಂಗಳೂರಿನ ಖಾಸಗಿ ದಂತ ಚಿಕಿತ್ಸಾಲಯಗಳಲ್ಲಿ ಒಂದೇ ಭೇಟಿಯಲ್ಲಿ ಹಲ್ಲು ಬಿಳಿ ಮಾಡಿಸಿಕೊಳ್ಳಲು ಸುಮಾರು 8 ಸಾವಿರದಿಂದ 20 ಸಾವಿರ ರೂಪಾಯಿ ಬೇಕು. ಹಲ್ಲು ಕ್ಲೀನ್ (ಸ್ಕೇಲಿಂಗ್, ಪಾಲಿಶ್) ಮಾಡಿಸಲು ಸುಮಾರು 1ರಿಂದ 2 ಸಾವಿರ. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇನ್ನೂ ಕಡಿಮೆ. ಮೊದಲು ಮಾಡಿಸಬೇಕಾದದ್ದು ಈ ಎರಡನೆಯದನ್ನೇ. ಕಾಫಿ, ಟೀ, ಎಲೆ-ಅಡಿಕೆ, ತಂಬಾಕಿನ ಕಲೆ ಹೆಚ್ಚಾಗಿ ಕೂರುವುದು ಹಲ್ಲಿನ ಮೇಲ್ಮೈಯಲ್ಲಿ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16.3ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಇಂಥವರ ಎಷ್ಟೋ ಕಲೆಗಳು ಸ್ಕೇಲಿಂಗ್, ಪಾಲಿಶ್‌ಗೇ ಬಿಟ್ಟುಹೋಗುತ್ತವೆ.

ಆಮೇಲೂ ಹಳದಿ ಉಳಿದರೆ ಹಲ್ಲನ್ನು ಬಿಳುಪಾಗಿಸುವ ಪೆರಾಕ್ಸೈಡ್‌ನ ಲೆಕ್ಕ ಶುರು. ಮನೆಯಲ್ಲಿ ಬಳಸುವ ಜೆಲ್‌ನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಕಾರ್ಬಮೈಡ್ ಪೆರಾಕ್ಸೈಡ್ ಇರುತ್ತದೆ. ಈ ಕಾರ್ಬಮೈಡ್ ಪೆರಾಕ್ಸೈಡ್‌ನ ತೂಕದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನ ಪಾಲು ಶೇ 36 ಮಾತ್ರ. ಅಂದರೆ 1 ಗ್ರಾಂ ಜೆಲ್‌ನಲ್ಲಿ 36 ಮಿಲಿಗ್ರಾಂ. ಚಿಕಿತ್ಸಾಲಯದಲ್ಲಿ ಹಚ್ಚುವ ಶೇ 35ರ ಹೈಡ್ರೋಜನ್ ಪೆರಾಕ್ಸೈಡ್ ಜೆಲ್‌ನಲ್ಲಿ ಅಷ್ಟೇ ತೂಕಕ್ಕೆ 350 ಮಿಲಿಗ್ರಾಂ, ಹೆಚ್ಚುಕಡಿಮೆ ಹತ್ತು ಪಟ್ಟು. ಒಸಡಿಗೆ ತಾಗಿದರೆ ಸುಡುವುದು ಇದಕ್ಕೇ.

ಯುರೋಪ್ ಒಕ್ಕೂಟ 2012ರಿಂದ ಶೇ 0.1ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಉತ್ಪನ್ನವನ್ನಷ್ಟೇ ಮುಕ್ತವಾಗಿ ಮಾರಲು ಬಿಟ್ಟಿದೆ. ಅದಕ್ಕಿಂತ ಮೇಲೆ ಶೇ 6ರವರೆಗಿನದು ದಂತವೈದ್ಯರ ಮೂಲಕ ಮಾತ್ರ. 18 ತುಂಬದವರಿಗೆ ಇಲ್ಲ. ಮನೆಯ ಜೆಲ್‌ನ ಶೇ 3.6 ಈ ಮಿತಿಯೊಳಗೇ ಇದೆ, ಶೇ 35 ಅದರ ಸುಮಾರು 6 ಪಟ್ಟು.

ನನ್ನ ಆಯ್ಕೆ ನಿಧಾನದ್ದೇ. ವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವ ತೆಳುವಾದ ಟ್ರೇಗೆ ಒಂದೊಂದು ಹಲ್ಲಿಗೆ ಅಕ್ಕಿಕಾಳಿನಷ್ಟು ಜೆಲ್ ಹಾಕಿ ರಾತ್ರಿ ತೊಟ್ಟು ಮಲಗುವ ಈ ವಿಧಾನ 1989ರಲ್ಲೇ ಪ್ರಕಟವಾದದ್ದು. ಎರಡು ವಾರದ ಹೊತ್ತಿಗೆ ವ್ಯತ್ಯಾಸ ಕಾಣುತ್ತದೆ. ಹಲ್ಲು ಜುಮ್ಮೆಂದರೆ ಒಂದೆರಡು ದಿನ ಬಿಟ್ಟು ಮುಂದುವರಿಸಬಹುದು. ಕುರ್ಚಿಯಲ್ಲಿ ಕೂತು ಒಂದೇ ಸಲಕ್ಕೆ ಮುಗಿಸುವಾಗ ಆ ಅವಕಾಶವೆಲ್ಲಿ? ಮನೆಯ ವಿಧಾನಗಳ ಬಗ್ಗೆ 2018ರಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 71 ಪ್ರಯೋಗಗಳನ್ನು ಪರಿಶೀಲಿಸಿ, ಸಾಂದ್ರತೆ ಏರಿದಂತೆ ಜುಮ್ಮೆನ್ನುವಿಕೆಯೂ ಬಾಯಿಯ ಉರಿಯೂ ಹೆಚ್ಚೆಂದು ಗುರುತಿಸಿತು. ಹಾಗೆಂದು ಅದರ ಪುರಾವೆ ಗಟ್ಟಿಯೇನಲ್ಲ, ಹೆಚ್ಚಿನವು ಸಣ್ಣ, ಅಲ್ಪಾವಧಿಯ ಪ್ರಯೋಗಗಳು.

ಬಿಳುಪಿಗೆಂದು ಹಲ್ಲಿಗೆ ಉಜ್ಜುವ, ಖರ್ಚೇ ಇಲ್ಲವೆನಿಸುವ ನಿಂಬೆಹಣ್ಣು ನಿಜಕ್ಕೂ ದುಬಾರಿ. ಹಲ್ಲಿನ ಹೊರಪದರವಾದ ಎನಾಮಲ್ ಕರಗಲು ಶುರುವಾಗುವುದು ಪಿಎಚ್ 5.5ರ ಆಸುಪಾಸಿನಲ್ಲಿ, ನಿಂಬೆರಸದ್ದು ಸುಮಾರು 2.5. ಮೂರು ಅಂಕ ಇಳಿದರೆ ಆಮ್ಲತೆ 1000 ಪಟ್ಟು. ಎನಾಮಲ್‌ನ ಅತಿ ದಪ್ಪ ಜಾಗವೇ 2.5 ಮಿಲಿಮೀಟರ್, ಸವೆದದ್ದು ಮತ್ತೆ ಬೆಳೆಯದು, ಒಳಗಿನ ಹಳದಿ ಡೆಂಟಿನ್ ಇನ್ನಷ್ಟು ಎದ್ದು ಕಾಣುತ್ತದೆ. ಇದ್ದಿಲಿನ ಪುಡಿಯಿಂದ ಉಜ್ಜುವುದೂ ಸವೆಸುವ ದಾರಿಯೇ.

ಕೋಲಾರ, ಚಿಕ್ಕಬಳ್ಳಾಪುರದ ಕಂದು ಕಲೆಯ ಕಥೆ ಬೇರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 1.5 ಗರಿಷ್ಠ. ಅಲ್ಲಿನ ಅನೇಕ ಕೊಳವೆಬಾವಿಗಳು ಇದನ್ನು ಮೀರಿವೆ. ಸುಮಾರು 8 ವರ್ಷದೊಳಗೆ ಹಲ್ಲು ರೂಪುಗೊಳ್ಳುವಾಗಲೇ ಈ ಹೆಚ್ಚುವರಿ ಫ್ಲೋರೈಡ್‌ನಿಂದ ಬಿದ್ದ ಕಲೆ ಅದು. ಬರೀ ಬ್ಲೀಚ್ ಮಾಡಿದರೆ ಅದರ ಜೊತೆಗಿರುವ ಬಿಳಿ ಮಚ್ಚೆಗಳು ಕೆಲವೊಮ್ಮೆ ಇನ್ನೂ ಎದ್ದು ಕಾಣುತ್ತವೆ. ಮೇಲ್ಪದರವನ್ನು ನಯವಾಗಿ ಉಜ್ಜಿ ತೆಗೆಯುವ ಚಿಕಿತ್ಸೆಯೂ ಜೊತೆಗೆ ಬೇಕಾಗಬಹುದು.

ಕ್ಯಾಪ್, ಫಿಲಿಂಗ್‌ಗಳ ಬಣ್ಣ ಯಾವ ಜೆಲ್‌ಗೂ ಬದಲಾಗದು. ಮುಂಭಾಗದ ಹಲ್ಲಿಗೆ ಹೊಸ ಫಿಲಿಂಗ್ ಬೇಕಿದ್ದರೆ ಮೊದಲು ಬ್ಲೀಚ್ ಮುಗಿಸಿ, ಎರಡು ವಾರ ಬಿಟ್ಟು, ನಿಂತ ಬಣ್ಣಕ್ಕೆ ಹೊಂದುವಂತೆ ತುಂಬಿಸಬೇಕು. ಈ ಕ್ರಮ ತಪ್ಪಿದರೆ ಫಿಲಿಂಗ್‌ನ ಖರ್ಚು ಎರಡು ಸಲ.